ಕೃಷಿ ಹೊಂಡದ ಅಂಚಿನಲ್ಲಿ

ಇಂದು ಸಂಜೆ ಪಕ್ಕದ ಹೊಲದ ಕೃಷಿ ಹೊಂಡದ ಬಳಿ ಮೂವರು ಹುಡುಗರು ನೀರಿಗೆ ಬಿದ್ದ ಚೆಂಡನ್ನು ಕೋಲಿನಿಂದ ಎಳೆದುಕೊಳ್ಳಲು ಬಗ್ಗಿ ನಿಂತಿದ್ದರು. ಗದರಿದಾಗ ಒಬ್ಬ, "ನಂಗೆ ಈಜು ಬರುತ್ತೆ ಮಾವ" ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಆಳದ ನೀರು ಅಪಾಯವೆಂಬುದು ಮಕ್ಕಳಿಗೆ ಚೆನ್ನಾಗಿಯೇ ಗೊತ್ತು. ಆದರೆ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಊರೂರಲ್ಲಿ ತೋಡಿದ ಇಂಥ ಹೊಂಡಗಳಲ್ಲಿ, ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆಗೆ ಪಾಚಿ ಕಟ್ಟಿದರೆ, ಈಜು ಬಲ್ಲವನಿಗೂ ಆ ಇಳಿಜಾರಿನಲ್ಲಿ ಕಾಲೂರಲು ನೆಲೆಯಾಗಲಿ ಕೈಗೆ ಹಿಡಿತವಾಗಲಿ ಸಿಗುವುದಿಲ್ಲ ಎಂಬುದನ್ನು ಅವರಿಗೆ ಯಾರು ತೋರಿಸಿಕೊಟ್ಟಿದ್ದಾರೆ? ಹಳೆಯ ಬಾವಿಗಳಿಗೆ ಮೆಟ್ಟಿಲಾದರೂ ಇರುತ್ತಿತ್ತು.

ಹೊಂಡವಿರುವ ಸ್ನೇಹಿತರು ಸುತ್ತ ಬೇಲಿ ಹಾಕಿಸುವವರೆಗೆ ಕಾಯದೆ, ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ನಾಳೆಯೇ ನೀರಿಗೆ ಇಳಿಬಿಡಿ.