ಬೆಳಿಗ್ಗೆ ಹಾಲು ಕರೆದು ಹೊರಟರೆ: ಮುಳ್ಳೂರು ಬಸದಿ, ನಾಲ್ಕುನಾಡು ಅರಮನೆ

ಎರಡು ಹಸು ಕಟ್ಟಿಕೊಂಡು ಪ್ರವಾಸ ಹೇಗೆ ಹೋದಿರಿ ಅಂತ ನನ್ನ ಓರಗಿತ್ತಿ ಕೇಳಿದಳು. ನಾವೇನೂ ಎಲ್ಲೂ ಉಳಿದುಕೊಳ್ಳಲಿಲ್ಲ. ಎರಡು ದಿನವೂ ಬೆಳಿಗ್ಗೆ ಹಾಲು ಕರೆದು ಹೊರಟು, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್. ಒಂದು ದಿನ ಮಾತ್ರ ಲೆಕ್ಕ ತಪ್ಪಿತು, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ಕೊಡಗಿನ ಸೋಮವಾರಪೇಟೆ ಕಡೆ. ಕಾಫಿ ಕೊಯ್ಲು ಮುಗಿದಿತ್ತು, ಮೆಣಸು ಕೊಯ್ಯಲು ಇನ್ನೂ ಹತ್ತು ದಿನ ಇತ್ತು. ತೋಟದವರಿಗೆ ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ. ಆದರೆ ಕಣದಲ್ಲಿ ಕಾಫಿ ಹರಡಿದ್ದರೆ ಹೊರಡಬೇಡಿ. ಅರ್ಧ ದಾರಿಯಲ್ಲಿ ಮೋಡ ಕಂಡರೆ ಯಾವ ಅರಮನೆಯೂ ಕಣ್ಣಿಗೆ ಕಾಣಲ್ಲ! ನಾವು ಎಲ್ಲ ಚೀಲಕ್ಕೆ ತುಂಬಿಟ್ಟೇ ಹೊರಟೆವು.

ಮೊದಲ ದಿನ ಹತ್ತಿರದ ಜಾಗಗಳು. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ನಮಗೆ ಹೊಸದಲ್ಲ, ಗೌರಿ ಹಬ್ಬಕ್ಕೆ ಬಾಗಿನ ಬಿಡಲು ಹೋಗುತ್ತೇವೆ. ಆದರೆ ಹಬ್ಬದ ದಿನ ಜನರ ತಲೆ ನೋಡೋದೇ ಆಗುತ್ತೆ, ಕೆರೆ ಕಾಣಲ್ಲ. ಈ ಸಲ ಏರಿ ಮೇಲೆ ಕೂತು ಅಕ್ಕಿ ರೊಟ್ಟಿ ತಿಂದೆವು. ಕೆರೆಗೆ ನೀರು ಬರಲಿಲ್ಲವೆಂದು ಹೊನ್ನಮ್ಮ ತನ್ನನ್ನೇ ಬಲಿ ಕೊಟ್ಟ ಕಥೆಯನ್ನು ಅತ್ತೆ ಮಕ್ಕಳಿಗೆ ಹೇಳಿದರು. "ಬೋರ್‌ವೆಲ್ ಹಾಕಿಸಬಹುದಿತ್ತಲ್ವಾ ಅಜ್ಜಿ?" ಅಂದ ಚಿಕ್ಕವನು. ಅತ್ತೆ ಅವನ ತಲೆಗೆ ಮೊಟಕಿದರು.

ಅಲ್ಲಿಂದ ಶನಿವಾರಸಂತೆ ದಾಟಿ ಮುಳ್ಳೂರು. ಇಲ್ಲಿ ಹಿಂದೆ ಈ ಕಡೆ ಆಳಿದ ಕೊಂಗಾಳ್ವ ಅರಸರ ಕಾಲದ ಮೂರು ಬಸದಿಗಳಿವೆ: ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ. 11ನೇ ಶತಮಾನದವು. ಕೊಡಗಲ್ಲಿ ಹಳೇದು ಅಂದರೆ ಹಾಲೇರಿ ರಾಜರ ಕಾಲದ್ದು ಅಂತ ಅಂದುಕೊಂಡವರು ಇದನ್ನು ನೋಡಲೇಬೇಕು. ಅವರಿಗಿಂತ ಐದು ನೂರು ವರ್ಷ ಹಿಂದಿನದು. ಬೇಲೂರಿನ ಹಾಗೆ ಕೆತ್ತನೆ ಹುಡುಕಬೇಡಿ, ಇವು ಸರಳ ಕಲ್ಲಿನ ಕಟ್ಟಡಗಳು. ಒಳಗೆ ಕತ್ತಲೆ, ಟಾರ್ಚ್ ಬೇಕು. ನಾವು ಹೋದಾಗ ಬಾಗಿಲಿಗೆ ಬೀಗ ಇತ್ತು. ಊರಲ್ಲಿ ಕೇಳಿದ ಮೇಲೆ ತೆಗೆಯುವವರು ಬಂದರು, ಮುಕ್ಕಾಲು ಗಂಟೆ ಕಾದೆವು. ಆ ಹೊತ್ತಲ್ಲಿ ನಮ್ಮನೆಯವರು ಪಕ್ಕದ ಹೊಲದವರ ಜೊತೆ ಶುಂಠಿ ರೇಟಿನ ಮಾತಿಗೆ ನಿಂತರು. ಆಮೇಲೆ ಬಾಗಿಲು ತೆಗೆದರೂ ಅವರು ಬರಲಿಲ್ಲ!

ಎರಡನೇ ದಿನ ದೂರದ ದಾರಿ. ಮಡಿಕೇರಿ, ನಾಪೋಕ್ಲು, ಕಕ್ಕಬ್ಬೆ. ಆರೂವರೆಗೆ ಬಿಟ್ಟರೆ ಹತ್ತಕ್ಕೆ ಮೊದಲು ತಲುಪಬಹುದು. ಶನಿವಾರ, ಭಾನುವಾರ ಮಾತ್ರ ಬೇಡ, ಮಡಿಕೇರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಪೆಟ್ರೋಲನ್ನು ಮಡಿಕೇರಿಯಲ್ಲೇ ತುಂಬಿಸಿ. ಕಕ್ಕಬ್ಬೆಯಿಂದ ಅರಮನೆಗೆ ಹೋಗುವ ರಸ್ತೆ ಕಿರಿದು, ತಡಿಯಂಡಮೋಳ್ ಬೆಟ್ಟ ಹತ್ತುವವರ ಜೀಪುಗಳು ಎದುರಿಗೆ ಬರುತ್ತವೆ. ತಿರುವಿನಲ್ಲಿ ಹಾರ್ನ್ ಹೊಡೆಯುತ್ತಲೇ ಹೋಗಿ.

ನಾಲ್ಕುನಾಡು ಅರಮನೆ ಹಾಲೇರಿ ರಾಜ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು, 1792ರಿಂದ 1794ರ ನಡುವೆ. ಅರಮನೆ ಅಂದ ಕೂಡಲೇ ಮೈಸೂರು ನೆನಪಿಸಿಕೊಂಡು ಹೋದರೆ ನಿರಾಸೆಯಾಗುತ್ತದೆ. ನಮ್ಮ ಮಗಳು ನೋಡಿದ ಕೂಡಲೇ "ಇದು ಐನ್‌ಮನೆ ಥರ ಇದೆ" ಅಂದಳು. ಸರಿಯಾಗಿಯೇ ಹೇಳಿದಳು, ಐನ್‌ಮನೆ ಅಂದರೆ ಕೊಡವ ಕುಟುಂಬದ ಮೂಲ ಮನೆ. ಎರಡು ಅಂತಸ್ತು, ಹೆಂಚಿನ ಮಾಡು, ಕೆತ್ತಿದ ಮರದ ಕಂಬಗಳು, ಗೋಡೆ ಮೇಲೆ ಮಾಸಿದ ಚಿತ್ರಗಳು. ಮಾವ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕಂಬದ ಹತ್ತಿರ ಹೋಗಿ ಬೆರಳ ಗಂಟಿನಿಂದ ಕುಟ್ಟಿ, ಕಿವಿ ಕೊಟ್ಟು ಕೇಳಿದರು. "ಒಂದು ಹುಳ ಮುಟ್ಟಿಲ್ಲ ನೋಡು. ನಮ್ಮ ಕೊಟ್ಟಿಗೆ ಕಂಬ ಹತ್ತು ವರ್ಷಕ್ಕೆ ಪುಡಿ ಆಯ್ತು." ಅರ್ಧ ಗಂಟೆ ಅವರು ಕಂಬಗಳನ್ನೇ ನೋಡಿದರು.

ಒಳಗಿನ ಕೋಣೆಗಳು ಸಣ್ಣವು, ಬೆಳಕು ಕಡಿಮೆ. ಬಾಗಿಲಲ್ಲಿ ತಲೆ ತಗ್ಗಿಸಿ. ಕೊನೆಯ ರಾಜ ಚಿಕ್ಕ ವೀರರಾಜೇಂದ್ರ, 1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಮಡಿಕೇರಿ ಬಿಟ್ಟು ಇಲ್ಲಿಗೇ ಬಂದು ಸೇರಿಕೊಂಡಿದ್ದ. ಸುತ್ತ ಬೆಟ್ಟ, ಕಾಡು ನೋಡಿದರೆ ಯಾಕೆ ಇಲ್ಲಿಗೇ ಬಂದ ಅನ್ನೋದು ತಾನಾಗಿ ಗೊತ್ತಾಗುತ್ತದೆ. ಎದುರಿಗಿರುವ ಪುಟ್ಟ ಮಂಟಪವನ್ನೂ ಬಿಡಬೇಡಿ, ದೊಡ್ಡ ವೀರರಾಜೇಂದ್ರ 1796ರಲ್ಲಿ ಮಹದೇವಮ್ಮಾಜಿಯನ್ನು ಮದುವೆಯಾದ ಜಾಗ.

ಅಲ್ಲಿಂದ ಪಾಡಿ ಇಗ್ಗುತಪ್ಪ ದೇವಸ್ಥಾನ. ಮಳೆ, ಬೆಳೆ ಕೊಡುವ ದೇವರು, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ದಿನ ನಿಗದಿಯಾಗುವುದೂ ಇಲ್ಲೇ. ಅತ್ತೆ ಹೂ ಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಹರಕೆ ಹೊತ್ತರು. ಮಾರ್ಚಲ್ಲಿ ಒಂದು ಹದ ಮಳೆ ಬಿದ್ದರೆ ಸ್ಪ್ರಿಂಕ್ಲರ್ ಡೀಸೆಲ್ ಉಳಿಯುತ್ತೆ ಅನ್ನೋದು ನಮ್ಮನೆಯವರ ಲೆಕ್ಕ. ವಾಪಸ್ ಬರುವಾಗ ಕಕ್ಕಬ್ಬೆಯಲ್ಲಿ ಜೇನು ತಗೊಂಡೆವು, ಆ ಊರು ಜೇನಿಗೆ ಹೆಸರುವಾಸಿ.

ಲೆಕ್ಕ ತಪ್ಪಿದ್ದು ಆಮೇಲೆ. ನಾಪೋಕ್ಲು ದಾಟಿ ಟೈರ್ ಪಂಚರ್. ಸ್ಟೆಪ್ನಿ ಇಳಿಸಿದರೆ ಅದರಲ್ಲೂ ಗಾಳಿ ಇಲ್ಲ! ಹಿಂದಿನ ದಿನವೇ ನೋಡಿ ಅಂದಿದ್ದೆ, ಶುಂಠಿ ಮಾತಿನಲ್ಲಿ ಮರೆತಿದ್ದರು. ದಾರಿಯಲ್ಲಿ ಬಂದ ಪಿಕಪ್‌ನವರು ಟೈರ್ ಸಮೇತ ಅವರನ್ನು ಅಂಗಡಿಗೆ ಕರೆದುಕೊಂಡು ಹೋದರು. ಮನೆ ಮುಟ್ಟಿದಾಗ ಎಂಟು ಗಂಟೆ. ಪಕ್ಕದ ಮನೆ ಅಕ್ಕನಿಗೆ ಮೊದಲೇ ಹೇಳಿಟ್ಟಿದ್ದರಿಂದ ಹಾಲು ಡೈರಿಗೆ ಹೋಗಿತ್ತು. ಹಾಗೆ ಒಬ್ಬರಿಗೆ ಹೇಳಿಟ್ಟೇ ಹೊರಡಿ.

ಭಾಗಮಂಡಲ, ತಲಕಾವೇರಿಯನ್ನೂ ಅದೇ ದಿನ ಸೇರಿಸೋಣ ಅಂತ ಯಾರಾದರೂ ಹೇಳುತ್ತಾರೆ, ಕೇಳಬೇಡಿ. ಅದಕ್ಕೆ ಬೇರೆಯೇ ಒಂದು ದಿನ ಇಡಿ, ಅದೂ ತುಲಾ ಸಂಕ್ರಮಣದ ಜನ ಕರಗಿದ ಮೇಲೆ.