ಕುತ್ತಿಗೆಯ ಹಿಂದಿನ ನಾಲ್ಕು ಬೆರಳಷ್ಟು ಜಾಗ

ಕಳೆದ ಭಾನುವಾರ ಜಯನಗರದ ಮೈದಾನವೊಂದರಲ್ಲಿ ಅಕ್ಕನ ಮಗನ ಕ್ರಿಕೆಟ್ ಅಭ್ಯಾಸ ನೋಡುತ್ತಿದ್ದಾಗ, ಅವನ ಹೆಲ್ಮೆಟ್ಟಿಗೆ ಕುತ್ತಿಗೆಯ ಕವಚವೇ ಇಲ್ಲದಿರುವುದು ಕಣ್ಣಿಗೆ ಬಿತ್ತು. 2014ರ ನವೆಂಬರ್‌ನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಅವರಿಗೆ ಮಾರಕವಾಗಿ ಚೆಂಡು ಬಡಿದದ್ದು ಅದೇ ಕುತ್ತಿಗೆಯ ಭಾಗಕ್ಕೆ. ಆದರೂ ವೇಗದ ಬೌಲಿಂಗ್ ಎದುರಿಸುವ ಬ್ಯಾಟರ್‌ಗಳಿಗೆ ಕ್ರಿಕೆಟ್ ಆಸ್ಟ್ರೇಲಿಯಾ ಕವಚವನ್ನು ಕಡ್ಡಾಯಗೊಳಿಸಿದ್ದು 2023ರ ಅಕ್ಟೋಬರ್‌ನಲ್ಲಿ. ತಲೆ ತಿರುಗಿಸಲು ಅಡ್ಡಿಯಾಗುತ್ತದೆ ಎಂಬ ಆಟಗಾರರ ದೂರನ್ನು ಆಲಿಸಬೇಕು, ನಿಜ. ಆದರೆ ಆಲಿಸುವುದಕ್ಕೆ ಒಂಬತ್ತು ವರ್ಷ ಬೇಕೇ?

ಫಾರ್ಮುಲಾ ಒನ್ ಕಾರ್ ರೇಸ್‌ನಲ್ಲಿ, ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ 2018ರಲ್ಲಿ ಚಾಲಕನ ತಲೆ ಕಾಯುವ ಹೇಲೋ ಚೌಕಟ್ಟನ್ನು ತಂದಾಗ ಅದನ್ನು ವಿರೋಧಿಸಿದ್ದವರಲ್ಲಿ ಚಾಲಕ ರೊಮೇನ್ ಗ್ರೋಜಾನ್ ಕೂಡ ಒಬ್ಬರು. 2020ರಲ್ಲಿ ಬಹ್ರೇನ್‌ನ ರೇಸ್‌ನಲ್ಲಿ ಅಪಘಾತಕ್ಕೀಡಾದ ಕಾರಿನ ಬೆಂಕಿಯಿಂದ ಎದ್ದು ಬಂದ ಮೇಲೆ, ಅದೇ ಚೌಕಟ್ಟು ತಮ್ಮನ್ನು ಉಳಿಸಿತೆಂದು ಅವರೇ ಹೇಳಿದರು.

ನಿಯಮ ತಂದರಷ್ಟೇ ಸಾಲದು, ಅದರ ಮೇಲೆ ನಂಬಿಕೆಯೂ ಉಳಿಯಬೇಕು. ತಲೆಗೆ ಪೆಟ್ಟಾದವರ ಬದಲಿಗೆ ಬೇರೊಬ್ಬರನ್ನು ಆಡಿಸಲು ಐಸಿಸಿ 2019ರ ಆಗಸ್ಟ್‌ನಲ್ಲಿ ಅವಕಾಶ ನೀಡಿದ್ದರಿಂದ, ತಂಡಕ್ಕೆ ಒಬ್ಬ ಕಡಿಮೆಯಾಗುತ್ತಾನೆಂದು ನೋವು ಮುಚ್ಚಿಟ್ಟು ಆಡುವ ಒತ್ತಡ ಬಹಳಷ್ಟು ತಗ್ಗಿತು. ಆದರೆ 2025ರ ಜನವರಿಯಲ್ಲಿ ಪುಣೆಯ ಭಾರತ–ಇಂಗ್ಲೆಂಡ್ ಪಂದ್ಯದಲ್ಲಿ, ಬ್ಯಾಟಿಂಗ್ ಆಲ್‌ರೌಂಡರ್ ಶಿವಂ ದುಬೆ ಅವರ ಜಾಗಕ್ಕೆ ವೇಗದ ಬೌಲರ್ ಹರ್ಷಿತ್ ರಾಣಾ ಬಂದಾಗ, ಬದಲಿಯಾಗಿ ಬರುವವರು ಪೆಟ್ಟಾದವರಂಥದೇ 'ಸಮಾನ ಆಟಗಾರ' ಆಗಿರಬೇಕೆಂಬ ಷರತ್ತಿನ ಅರ್ಥವೇನೆಂದು ಇಂಗ್ಲೆಂಡ್ ಕೇಳಿದ್ದು ನ್ಯಾಯವೇ ಆಗಿತ್ತು (ಗೆದ್ದವರು ನಾವೆಂಬುದು ಬೇರೆ ಮಾತು). ಇಂಥ ತೀರ್ಮಾನದ ಕಾರಣವನ್ನು ಪಂದ್ಯದ ರೆಫರಿ ಅದೇ ದಿನ ಬರಹದಲ್ಲಿ ಪ್ರಕಟಿಸುವಂತಾಗಬೇಕು.

ಅಕ್ಕನ ಮಗನಿಗೆ ಕವಚ ಕೊಂಡು ಕೊಟ್ಟಿದ್ದೇನೆ. ಅದನ್ನು ಹಾಕಿಕೊಳ್ಳಲೇಬೇಕೆಂದು ಅವನ ಕೋಚ್ ಇನ್ನೂ ಹೇಳಿಲ್ಲ.