ಮರಳುಗಲ್ಲಿನೊಳಗೆ ಇನ್ನೊಂದು ಮರಳುಗಲ್ಲು

ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಬೆಳಕು ಹಾಯಬೇಕಾದರೆ ಕಲ್ಲಿನ ದಪ್ಪವನ್ನು 0.03 ಮಿಲಿಮೀಟರಿಗೆ ಇಳಿಸಬೇಕು. ವಜ್ರದ ಅಲಗಿನ ಗರಗಸದಲ್ಲಿ ಕೊಯ್ದ ಮರಳುಗಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಕಾರ್ಬೊರಂಡಮ್ ಎಂಬ ಗಟ್ಟಿ ಉಜ್ಜುಪುಡಿ ಮತ್ತು ನೀರು ಹಾಕಿ ಉಜ್ಜುತ್ತಾ ಕೂತೆ. ಅರ್ಧ ದಿನ ಅದಕ್ಕೇ ಹೋಯಿತು. ದಪ್ಪ ತಿಳಿಯಲು ಕಲ್ಲಿನಲ್ಲಿರುವ ಕ್ವಾರ್ಟ್ಜ್ ಎಂಬ ಖನಿಜವೇ ಸಾಕು. ಒಂದಕ್ಕೊಂದು ಅಡ್ಡಲಾಗಿ ಇಟ್ಟ ಎರಡು ಪೋಲರಾಯ್ಡ್‌ಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ನಡುವೆ ಅದು ಹಳದಿಯಾಗಿ ಕಂಡರೆ ಇನ್ನೂ ದಪ್ಪವಿದೆ, ಬೂದು-ಬಿಳಿಗೆ ಇಳಿದರೆ ಸರಿಯಾಗಿದೆ.

“ಇನ್ನೂ ಹಳದಿ ಇದೆ, ಉಜ್ಜಿ,” ಎಂದರು ಲ್ಯಾಬಿನ ಹಿರಿಯರು.

“ಕಲ್ಲೇ ಉಳಿಯಲ್ಲ ಸಾರ್.”

“ಉಳಿಯುತ್ತೆ. ಕೈ ಮಾತ್ರ ಹಗುರ ಇರಲಿ.”

ಇಂಗ್ಲೆಂಡಿನ ಭೂವಿಜ್ಞಾನಿ ಹೆನ್ರಿ ಸಾರ್ಬಿ 1849ರ ಹೊತ್ತಿಗೇ ಇಂಥ ಸ್ಲೈಡ್ ಮಾಡಿದ್ದ. ಬೆಟ್ಟ ನೋಡಲು ಮೈಕ್ರೋಸ್ಕೋಪೇ ಎಂದು ಜನ ನಕ್ಕಿದ್ದರಂತೆ. ನಕ್ಕವರು ಒಮ್ಮೆ ಕಣ್ಣಿಟ್ಟು ನೋಡಬೇಕಿತ್ತು.

ನನ್ನ ಸ್ಲೈಡಿನಲ್ಲಿ ಕಂಡದ್ದು ಬಹುತೇಕ ಕ್ವಾರ್ಟ್ಜ್ ಕಾಳುಗಳೇ. ಗ್ರಾನೈಟಿನಲ್ಲಿ ಅದಕ್ಕಿಂತ ಹೆಚ್ಚಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಇಲ್ಲಿ ಹುಡುಕಿದರೂ ಅಪರೂಪ. ಮಳೆನೀರಿನ ಅಲ್ಪ ಆಮ್ಲಕ್ಕೆ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗಿ, ನೀರಿನ ಜೊತೆ ದೂರ ಹೋಗಿಬಿಡುತ್ತದೆ. ಕ್ವಾರ್ಟ್ಜ್ ಗಡಸುತನ ಅಳೆಯುವ 1ರಿಂದ 10ರ ಮೋಸ್ ಮಾನದಲ್ಲಿ 7, ಸೀಳುವ ಸಮತಲವೂ ಇಲ್ಲ, ರಾಸಾಯನಿಕವಾಗಿಯೂ ಹಟಮಾರಿ. ಅದು ಹಿಂದೆ ಉಳಿಯುತ್ತದೆ.

ಒಂದು ಕಾಳಿನ ಮೇಲೆ ಕಣ್ಣು ನಿಂತಿತು. ಅದರೊಳಗೆ ಧೂಳಿನದೊಂದು ಸಣ್ಣ ದುಂಡು ಗೆರೆ. ಗೆರೆಯ ಒಳಗಿನದು ನೀರಲ್ಲಿ ಉರುಳಿ ಸವೆದ ಮೂಲ ಕಾಳು; ಹೊರಗಿನದು ನೆಲದಾಳದಲ್ಲಿ ಹೂತಿದ್ದಾಗ ಸಿಲಿಕಾ ತುಂಬಿದ ನೀರಿನಿಂದ ಅದರ ಮೇಲೆ ಬೆಳೆದ ಹೊಸ ಕ್ವಾರ್ಟ್ಜ್. ಸ್ಲೈಡಿಟ್ಟ ತಟ್ಟೆಯನ್ನು ತಿರುಗಿಸಿದರೆ ಎರಡೂ ಒಟ್ಟಿಗೇ ಕಪ್ಪಾಗುತ್ತವೆ, ಏಕೆಂದರೆ ಹೊಸದು ಹಳೆಯದರ ಹರಳಿನ ಜೋಡಣೆಯನ್ನೇ ಮುಂದುವರಿಸಿದೆ. ಇಷ್ಟು ಸಾಮಾನ್ಯ. ಆದರೆ ಈ ಕಾಳಿನಲ್ಲಿ ಆ ಹೊಸ ಪದರವೂ ಮೂಲೆ ಸವೆದು ದುಂಡಾಗಿತ್ತು. ಅದರ ಸುತ್ತ ಎರಡನೆಯ ಧೂಳುಗೆರೆ, ಅದರಾಚೆ ಮತ್ತೊಂದು ಪದರ.

ಅಂದರೆ ಇದು ಮರಳಾಗಿ, ಹೂತು ಮರಳುಗಲ್ಲಾಗಿ, ಆ ಕಲ್ಲು ಮೇಲೆದ್ದು ಪುಡಿಯಾಗಿ, ಮತ್ತೆ ಮರಳಾಗಿ, ಮತ್ತೆ ಮರಳುಗಲ್ಲಾಗಿದೆ. ನಡುವೆ ಕರಗಿದ್ದಿಲ್ಲ, ರೂಪಾಂತರದ ಕಾವೂ ತಾಗಿಲ್ಲ. ಪಠ್ಯಪುಸ್ತಕದ ಶಿಲಾಚಕ್ರದಲ್ಲಿ ಅಗ್ನಿಶಿಲೆಯಿಂದ ಜಲಜಶಿಲೆಗೆ, ಅಲ್ಲಿಂದ ರೂಪಾಂತರ ಶಿಲೆಗೆ, ಮತ್ತೆ ಶಿಲಾರಸಕ್ಕೆ ಬಾಣಗಳು ಸುತ್ತು ಹೊಡೆಯುತ್ತವೆ. ಜಲಜಶಿಲೆಯಿಂದ ಜಲಜಶಿಲೆಗೇ ಮರಳುವ ಬಾಣವನ್ನು ಎಷ್ಟೋ ಚಿತ್ರಗಳಲ್ಲಿ ಒಂದು ಮೂಲೆಗೆ ತಳ್ಳಿರುತ್ತಾರೆ, ಇಲ್ಲವೇ ಬಿಟ್ಟೇ ಬಿಟ್ಟಿರುತ್ತಾರೆ. ನನಗೆ ಆ ಚಿತ್ರಗಳ ಮೇಲೆ ಸಿಟ್ಟಿದೆ.

ಹಿರಿಯರು ಪಕ್ಕದಲ್ಲಿ ಕ್ವಾರ್ಟ್ಜೈಟ್ ಸ್ಲೈಡ್ ಇಟ್ಟರು. ಅದೂ ಒಂದು ಕಾಲಕ್ಕೆ ಮರಳುಗಲ್ಲೇ. ಕಾವು ಮತ್ತು ಒತ್ತಡಕ್ಕೆ ಹರಳುಗಳು ಹೊಸದಾಗಿ ಬೆಳೆದು, ಅಂಕುಡೊಂಕು ಅಂಚಿನಲ್ಲಿ ಒಂದರೊಳಗೊಂದು ಕಚ್ಚಿಕೊಂಡಿದ್ದವು. ಧೂಳುಗೆರೆ ಒಂದೂ ಇಲ್ಲ. ಎಷ್ಟು ಸಲ ಮರಳಾಗಿತ್ತೋ ಆ ಲೆಕ್ಕವೆಲ್ಲ ಅಳಿಸಿಹೋಗಿತ್ತು.

ಆದರೂ ಎರಡೂ ಸ್ಲೈಡುಗಳಲ್ಲಿ ಅಲ್ಲೊಂದು ಇಲ್ಲೊಂದು ಗಾಢ ಬಣ್ಣದ ಚುಕ್ಕಿ ಹೊಳೆಯುತ್ತಿತ್ತು: ಜಿರ್ಕಾನ್ ಎಂಬ ಖನಿಜ. ಇದು ಕ್ವಾರ್ಟ್ಜಿಗಿಂತಲೂ ಗಟ್ಟಿ ಜೀವ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಶಿಲೆಗಳಲ್ಲಿ 440 ಕೋಟಿ ವರ್ಷ ಹಳೆಯ ಜಿರ್ಕಾನ್ ಕಾಳುಗಳಿವೆ. ಅವನ್ನು ಹಿಡಿದಿಟ್ಟಿರುವ ಶಿಲೆ ಅವಕ್ಕಿಂತ ನೂರು ಕೋಟಿಗೂ ಹೆಚ್ಚು ವರ್ಷ ಕಿರಿಯದು. ನನ್ನ ಸ್ಲೈಡಿನವು ಎಷ್ಟು ಹಳೆಯವೆಂದು ಮೈಕ್ರೋಸ್ಕೋಪ್ ಹೇಳದು. ಅದಕ್ಕೆ ಯುರೇನಿಯಂ ಮತ್ತು ಸೀಸದ ಪ್ರಮಾಣ ಅಳೆಯುವ ಯಂತ್ರವೇ ಬೇಕು, ಅದು ಆ ಲ್ಯಾಬಿನಲ್ಲಿ ಇರಲಿಲ್ಲ.